ಹೆಂಗಸರ ಪೀಪಾಯಿ

ಈಗ ದೊಡ್ಡಬಳ್ಳಾಪುರದ ಕಡೆ ವೈನು ಮಾಡುವ ಜಾಗಗಳಲ್ಲಿ ಹುಡುಗಿಯರು ಬಿಳಿ ಕೋಟು ಹಾಕಿಕೊಂಡು, ತಲೆಗೆ ಟೋಪಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಾರೆ. ನಮ್ಮ ಬೀದಿಯಿಂದಲೇ ಇಬ್ಬರು ಹೋಗುತ್ತಾರೆ. ಅವರಲ್ಲೊಬ್ಬಳು ಮೊನ್ನೆ ಕೇಳಿದಳು, "ಅಜ್ಜಿ, ನೀನೂ ವೈನ್ ಮಾಡ್ತಿದ್ಯಂತೆ, ನಿಜಾನಾ?" ನಿಜ. ನಿಮ್ಮವ್ವ ಹುಟ್ಟುವುದಕ್ಕೂ ಮುಂಚೆ. ಆ ಕೆಲಸದೊಳಗೆ ಹೆಂಗಸರು ನಿಂತದ್ದು ಹೇಗೆ ಅಂತ ನಿಮಗೆ ಯಾರೂ ಹೇಳಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ವಿಷಯ ತಪ್ಪಿಲ್ಲ.

ನಮ್ಮ ತೋಟ ದೇವನಹಳ್ಳಿಯಿಂದ ಸೂಲಿಬೆಲೆಗೆ ಹೋಗುವ ದಾರಿಯಲ್ಲಿತ್ತು. ನಮ್ಮ ತೋಟ ಅಂದರೆ ಧಣಿಯದು, ನಾವು ಕೂಲಿಯವರು. ಕಲ್ಲುಕಂಬ ನೆಟ್ಟು, ತಂತಿ ಎಳೆದು ಚಪ್ಪರ ಮಾಡಿ, ಅದರ ಮೇಲೆ ಕರಿದ್ರಾಕ್ಷಿ ಹಬ್ಬಿಸಿದ್ದರು. ಈ ಹಣ್ಣಿನ ಸಿಪ್ಪೆ ದಪ್ಪ, ಹಿಸುಕಿದರೆ ತಿರುಳು ಜಾರಿ ಬಾಯಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಹಣ್ಣಾದಾಗ ಅದರ ವಾಸನೆ ರಸ್ತೆಗೆ ಹೊಡೆಯುತ್ತಿತ್ತು, ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಮೂಗು ಹೊರಗೆ ಹಾಕುತ್ತಿದ್ದರು. ಕೆಂಪು ಮಣ್ಣು, ನಂದಿಬೆಟ್ಟದ ಕಡೆಯಿಂದ ಬೆಳಗ್ಗೆ ಬೆಳಗ್ಗೆ ಇಳಿಯುವ ಥಂಡಿ, ಮಧ್ಯಾಹ್ನ ಸುಡುವ ಬಿಸಿಲು. ಹಣ್ಣಿಗೆ ಅದೇ ಬೇಕು. ಕುಯ್ಯುವವರ ಸೊಂಟಕ್ಕೆ ಅದು ಬೇಡ.

ಪಾನನಿರೋಧ ತೆಗೆದ ಮೇಲೆ ಧಣಿಗೆ ಒಂದು ಆಸೆ ಹುಟ್ಟಿತು. ಹಣ್ಣನ್ನು ಬುಟ್ಟಿ ತುಂಬಿ ಬೆಂಗಳೂರಿನ ಮಾರ್ಕೆಟ್ಟಿಗೆ ಕಳಿಸಿದ್ದು ಸಾಕು, ಕಂಟೋನ್ಮೆಂಟಿನ ಕ್ಲಬ್ಬುಗಳಲ್ಲಿ ಸೀಮೆಯಿಂದ ಹಡಗಿನಲ್ಲಿ ಬಂದ ಕೆಂಪು ವೈನು ಇಡುವ ಮೇಜಿನ ಮೇಲೆ ನಮ್ಮ ಹಣ್ಣಿನ ವೈನೂ ಕೂರಬೇಕು ಅಂತ. ತೋಟದ ಮೂಲೆಯಲ್ಲಿ ಕಲ್ಲುಗೋಡೆಯ ಶೆಡ್ಡು ಕಟ್ಟಿಸಿದರು, ಮರದ ಪೀಪಾಯಿ ತರಿಸಿದರು. ಕೆಲಸ ಹೇಳಿಕೊಡಲು ಬೆಂಗಳೂರಿನಿಂದ ಅಂತೋಣಿ ಮಾಸ್ಟ್ರು ಅಂತ ಒಬ್ಬರನ್ನು ಕರೆಸಿದರು. ಬೆಂಗಳೂರಲ್ಲಿ ಅವರಿಗೆ ಬೇರೆ ಕೆಲಸವಿತ್ತು. ಸುಗ್ಗಿಯಲ್ಲಿ ಬಂದು, ರಸ ತೆಗೆಸಿ, ಪೀಪಾಯಿ ತುಂಬಿಸಿ ಹೋದರೆ ಆಮೇಲೆ ಬರುತ್ತಿದ್ದುದು ಅಪರೂಪ.

ಅಂತೋಣಿ ಮಾಸ್ಟ್ರು ಸಣಕಲು ಆಸಾಮಿ, ಸಿಡುಕ. ಅವರಲ್ಲಿ ನಮಗೆ ಅರ್ಥವಾಗದ್ದು ಒಂದೇ. ಗಾಜಿನ ಲೋಟಕ್ಕೆ ಒಂಚೂರು ವೈನು ಹಾಕಿಕೊಳ್ಳುತ್ತಿದ್ದರು, ಮೂಸುತ್ತಿದ್ದರು, ಬಾಯಿಗೆ ಹಾಕಿ ಮುಕ್ಕಳಿಸುತ್ತಿದ್ದರು, ಆಮೇಲೆ ಪಿಚಕ್ಕಂತ ಉಗಿಯುತ್ತಿದ್ದರು. ಒಂದು ಹನಿ ನುಂಗುತ್ತಿರಲಿಲ್ಲ.

"ಉಗಿಯೋಕೆ ಇಷ್ಟೆಲ್ಲಾ ಪಾಡು ಯಾಕ್ ಮಾಸ್ಟ್ರೇ?" ಅಂತ ನಾನು ಕೇಳಿಯೇಬಿಟ್ಟೆ.

"ನುಂಗೋ ಅಂಥದ್ದು ಮಾಡಮ್ಮಾ, ನುಂಗ್ತೀನಿ" ಅಂದರು.

ಅವರು ಮೊದಲು ಮುರಿದದ್ದು ನಮ್ಮ ಕುಯ್ಯುವ ಅಭ್ಯಾಸವನ್ನು. ನಾವು ಬಣ್ಣ ನೋಡಿ ಕುಯ್ಯುವವರು, ಗೊಂಚಲು ಕಪ್ಪಾದರೆ ಕತ್ತರಿ ಹಾಕುತ್ತಿದ್ದೆವು. ಈ ಹಣ್ಣು ಮೋಸಗಾರ, ಸಿಹಿಯಾಗುವುದಕ್ಕೆ ಬಹಳ ಮುಂಚೆಯೇ ಕಪ್ಪಾಗುತ್ತದೆ. ಮಾಸ್ಟ್ರು ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಬೀಜ ಕಡಿಯಲು ಹೇಳಿದರು. ಬೀಜ ಹಸಿರಾಗಿದ್ದು ನಾಲಿಗೆ ಒಗರಾದರೆ ಬಿಡಬೇಕು. ಕಂದು ಬಣ್ಣಕ್ಕೆ ತಿರುಗಿ ಹುರಿಗಡಲೆ ಥರ ಕಟುಂ ಅಂದರೆ ಕುಯ್ಯಬೇಕು. ಆ ವರ್ಷ ಬಾಯ್ತುಂಬ ಬೀಜ ಕಡಿದು ಕಡಿದು ನಮ್ಮ ಅಕ್ಕಯ್ಯಮ್ಮನಿಗೆ ಇದ್ದ ಒಂದು ದವಡೆಹಲ್ಲೂ ಅಲ್ಲಾಡಿತು. "ಹಲ್ಲು ಕೊಟ್ಟು ಹಣ್ಣು ಕುಯ್ಯೋ ಕೂಲಿ ಇದೊಂದೇ ಕಣವ್ವ" ಅನ್ನುತ್ತಿದ್ದಳು. ಅಕ್ಕಯ್ಯಮ್ಮ ನಮ್ಮಲ್ಲೆಲ್ಲ ದೊಡ್ಡವಳು. ಚಿಕ್ಕವಳು ಗೌರಿ, ಆಗ ತಾನೆ ಮದುವೆಯಾಗಿ ಬಂದ ಹುಡುಗಿ, ಜೋರಾಗಿ ಕೆಮ್ಮಲೂ ಹೆದರುವವಳು.

ಸುಗ್ಗಿಯ ಅವಸರದಲ್ಲಿ ಗಂಡಾಳು ಸಾಲದೆ ನಮ್ಮನ್ನು ಶೆಡ್ಡಿನೊಳಕ್ಕೆ ಕರೆದರು. ತೊಟ್ಟು ಬಿಡಿಸುವುದು, ಹಣ್ಣು ತುಳಿಯುವುದು, ತೊಟ್ಟಿಯಲ್ಲಿ ಮೇಲಕ್ಕೆ ಉಬ್ಬಿ ಬರುವ ಸಿಪ್ಪೆಯನ್ನು ಕೋಲಿನಿಂದ ಅದುಮಿ ರಸದೊಳಗೆ ಮುಳುಗಿಸುವುದು. ಕಾಲು ಮೊಣಕಾಲಿನವರೆಗೆ ನೀಲಿ. ಸೂಲಿಬೆಲೆ ಸಂತೆಗೆ ಹೋದರೆ "ಇವ್ಳೇನು ಬಣ್ಣದ ಬಾಂಡ್ಲೀಲಿ ಬಿದ್ಲಾ?" ಅಂತ ನಗುತ್ತಿದ್ದರು. ನಗಲಿ. ತೋಟದ ಕೂಲಿ ಸುಗ್ಗಿ ಮುಗಿದರೆ ಮುಗಿಯಿತು, ಆಮೇಲೆ ಕಲ್ಲು ಹೊರಲು ಹೋಗಬೇಕು. ಶೆಡ್ಡಿನ ಕೆಲಸ ವರ್ಷಪೂರ್ತಿ, ಮೇಲೆ ಸೂರು. ಅದನ್ನು ಕಚ್ಚಿ ಹಿಡಿದುಕೊಂಡೆವು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಮರೆತರೆ ಜೀವ ಹೋಗುತ್ತದೆ. ರಸ ಹುದುಗು ಬಂದು ಉಕ್ಕುವ ತೊಟ್ಟಿಯ ಮೇಲೆ ಒಂದು ಗಾಳಿ ನಿಂತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಉಸಿರು ಹಿಡಿಯುತ್ತದೆ. ಖಾಲಿ ಮಾಡಿದ ತೊಟ್ಟಿ ತೊಳೆಯೋಣ ಅಂತ ನಾನು ಒಂದು ಸಲ ತಲೆ ಒಳಕ್ಕೆ ಹಾಕಿದೆ, ಅಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಅಂಗಳದಲ್ಲಿದ್ದೆ, ಅಕ್ಕಯ್ಯಮ್ಮ ನನ್ನ ಕೆನ್ನೆಗೆ ಬಾರಿಸುತ್ತಿದ್ದಳು. ಎಚ್ಚರವಾದ ಮೇಲೂ ಎರಡು ಬಾರಿಸಿದಳು. ಅವತ್ತಿನಿಂದ ಮೊದಲು ದೀಪ ಇಳಿಬಿಡುವುದು, ದೀಪ ಆರಿದರೆ ಯಾರೂ ಇಳಿಯಬಾರದು. ನಿಮ್ಮಲ್ಲಿ ಈಗ ಯಂತ್ರ ಇರಬಹುದು. ಯಂತ್ರ ಕೂಗಿದರೆ "ಏನಾಗಲ್ಲ ಬಿಡು" ಅನ್ನುವ ಗಂಡಸು ಎಲ್ಲ ಕಾಲಕ್ಕೂ ಒಬ್ಬ ಇರುತ್ತಾನೆ. ಅವನ ಮಾತು ಕೇಳಬೇಡಿ.

ನಮ್ಮ ಶೆಡ್ಡಿನಲ್ಲಿ ಅಂಥವನು ಮೇಸ್ತ್ರಿ ನಾರಾಯಣಪ್ಪ. ಕೆಟ್ಟವನಲ್ಲ, ಕೆಲಸಗಾರ, ದೈವಭಕ್ತ, ತನ್ನ ಮಾತೇ ಮಾತು ಅನ್ನುವ ಜಾತಿ. ಮೊದಲ ವರ್ಷದ ವೈನು ಅವನ ಸುಪರ್ದಿಯಲ್ಲಿತ್ತು. ದೀಪಾವಳಿ ಹೊತ್ತಿಗೆ ಬಿಚ್ಚಿ ನೋಡಿದರೆ ಎಲ್ಲ ಪೀಪಾಯಿಯೂ ಹುಳಿ. ವೈನಲ್ಲ, ವಿನಿಗರ್. ಧಣಿ ತಲೆ ಮೇಲೆ ಕೈ ಹೊತ್ತು ಕೂತರು.

"ಗಾಳಿ ಸೇರಿದೆ ಸಾರ್" ಅಂದರು ಅಂತೋಣಿ ಮಾಸ್ಟ್ರು. "ಹೆಂಗೆ ಸೇರ್ತು ಅಂತ ಗೊತ್ತಾಗ್ತಿಲ್ಲ. ಬಾಯಿ ತನಕ ತುಂಬಿಸಿ ಬಿರಡೆ ಬಿಗಿದು ಹೋಗಿದ್ದೆ."

ನಾರಾಯಣಪ್ಪ ಕೆಮ್ಮಿದ. "ಧಣೀ, ನಾನು ಹೇಳ್ಬಾರ್ದು ಅಂತಿದ್ದೆ. ಹೆಂಗಸ್ರನ್ನ ಒಳಕ್ ಬಿಟ್ಕೊಂಡ್ರೆ ಇನ್ನೇನಾಗ್ತದೆ? ಹೊರಗಾದೋರು ಮುಟ್ಟಿದ್ರೆ ಮನೇಲಿ ಉಪ್ಪಿನಕಾಯೇ ಬೂಸ್ಲು ಹಿಡೀತದೆ. ಇದು ಪೀಪಾಯಿ. ಇವ್ರಲ್ಲಿ ಯಾರು ಯಾವತ್ತು ಮುಟ್ಟೋ ನಮಗೇನ್ ಗೊತ್ತು?"

ಧಣಿಗೆ ಕಾಣದ ಗಾಳಿಗಿಂತ ಇದು ಚೆನ್ನಾಗಿ ಅರ್ಥವಾಯಿತು. ಅವರ ಮನೆಯಲ್ಲೂ ಹಾಗೇ ತಾನೇ. "ಹೆಂಗಸ್ರು ತೋಟಕ್ಕೆ ಹೋಗ್ಲಿ. ಶೆಡ್ಡಿನೊಳಗೆ ಬೇಡ" ಅಂದರು.

ಸುತ್ತ ನಿಂತಿದ್ದ ನಾವು ಆರು ಜನ ನೆಲ ನೋಡಿದೆವು. ಗಂಡಸರ ಮುಂದೆ ಆ ಮಾತು ಎತ್ತಿಬಿಟ್ಟರೆ ಯಾವ ಹೆಂಗಸು ಬಾಯಿ ಬಿಡುತ್ತಾಳೆ? ಅದು ಅವನಿಗೂ ಗೊತ್ತಿತ್ತು. ನನಗೆ ನಾಚಿಕೆಗಿಂತ ಕಲ್ಲು ಹೊರುವುದು ನೆನಪಾಯಿತು. ಬಾಯಿ ಬಿಟ್ಟೆ.

"ಧಣೀ, ಬರೋ ಸುಗ್ಗೀಲಿ ಒಂದು ಪೀಪಾಯಿ ನಮಗೆ ಕೊಡಿ. ಅದನ್ನ ಗಂಡಸ್ರು ಯಾರೂ ಮುಟ್ಬಾರ್ದು. ಮಿಕ್ಕಿದ್ದು ಮೇಸ್ತ್ರಿಗೆ, ಅದಕ್ಕೆ ನಾವು ಕೈ ಹಾಕಲ್ಲ. ದೀಪಾವಳಿಗೆ ಎರಡೂ ಬಿಚ್ಚಿ. ನಮ್ಮದು ಹುಳಿಯಾಗಿದ್ರೆ ನೀವು ಕಳಿಸೋದೇ ಬೇಡ, ನಾವೇ ಹೋಗ್ತೀವಿ, ಇನ್ನು ಈ ಬಾಗಿಲು ತುಳಿಯಲ್ಲ."

"ಮೀಸೆ ಒಂದು ಬಂದಿಲ್ಲ ನೋಡು ನಿಂಗೆ, ಪಿಳ್ಳಮ್ಮ" ಅಂದ ನಾರಾಯಣಪ್ಪ.

"ಬಂದಿದ್ರೆ ನಾನೂ ನಿನ್ ಥರ ತಿರುವ್ಕೊಂಡು ನಿಂತಿರ್ತಿದ್ದೆ."

ಧಣಿಗೆ ನಗು ಬಂತು. ಒಂದು ಪೀಪಾಯಿ ಹೋದರೆ ಹೋಗಲಿ ಅಂದುಕೊಂಡರೇನೋ, ಒಪ್ಪಿದರು. ಅಂತೋಣಿ ಮಾಸ್ಟ್ರು ಮುಂದಿನ ಶಿವರಾತ್ರಿಯ ಸುಗ್ಗಿಯಲ್ಲಿ ನಮಗೂ ಗಂಡಸರಿಗೂ ಒಂದೇ ತೊಟ್ಟಿಯ ರಸ ಹಂಚಿದರು, ಆಮೇಲೆ ಯಾರೂ ಹಣ್ಣಿನ ಮೇಲೆ ತಪ್ಪು ಹಾಕಬಾರದು ಅಂತ. ಗಸಿ ಕೆಳಗಿಳಿದ ಮೇಲೆ ತಿಳಿಯನ್ನು ಬೇರೆ ಮಾಡಿ ತುಂಬಿಸಿದರು. "ಮರ ಕುಡಿಯುತ್ತೆ, ಮಟ್ಟ ಇಳಿಯುತ್ತೆ. ಇಳಿದಷ್ಟು ತುಂಬಿ. ಬಾಯಿ ತನಕ ಇರ್ಬೇಕು" ಅಂತ ಎರಡು ಕಡೆಗೂ ಹೇಳಿದರು. ತುಂಬಲು ಅಂತ ಎರಡು ಕಡೆಗೂ ಒಂದೊಂದು ಜಾಡಿ ವೈನು ಬೇರೆ ಕೊಟ್ಟು ಬೆಂಗಳೂರಿಗೆ ಹೋದರು.

ಪಂದ್ಯ ಕಟ್ಟುವುದು ಸುಲಭ. ಕಷ್ಟ ಶುರುವಾದದ್ದು ನಮ್ಮೊಳಗೇ. ಮಾರನೇ ವಾರ ಗೌರಿ ಬೇಲಿಯ ಹತ್ತಿರವೇ ನಿಂತಳು.

"ಅಕ್ಕಾ, ನಾನು ಹೊರಗಾಗಿದ್ದೀನಿ. ನಾಲ್ಕು ದಿನ ಬರಲ್ಲ."

"ಬಾರೇ ಒಳಕ್ಕೆ."

"ಹಾಳಾದ್ರೆ? ಎಲ್ರ ಕೂಲೀನೂ ನನ್ನಿಂದ ಹೋಯ್ತು ಅಂತಾರೆ."

ಅಕ್ಕಯ್ಯಮ್ಮನೂ ಅವಳ ಕಡೆಗೇ. "ಹುಡುಗಿ ಸರಿಯಾಗೇ ಹೇಳ್ತವ್ಳೆ ಕಣೇ ಪಿಳ್ಳಮ್ಮ. ನಾನು ಮುಟ್ಟು ನಿಂತೋಳು, ಪೀಪಾಯಿ ನಾನೇ ನೋಡ್ಕೋತೀನಿ. ನೀವೆಲ್ಲ ದೂರ ಇರಿ. ಗೆದ್ರೆ ಸಾಕಲ್ವಾ?"

"ಸಾಲದು" ಅಂದೆ. "ನಾವು ದೂರ ಇದ್ದು ವೈನು ಚೆನ್ನಾಗಿ ಬಂದ್ರೆ ಗೆದ್ದೋರು ನಾವಾ? ನಾರಾಯಣಪ್ಪ. ಅವನು ಹೇಳಿದ್ದೇ ನಿಜ ಅಂತ ಆಯ್ತು. ಆಮೇಲೆ ಮುದುಕಿಯರನ್ನ ಮಾತ್ರ ಇಟ್ಕೋತಾರೆ, ನೀನೊಬ್ಳು ಇಲ್ಲಿರ್ತೀಯ, ನಾವು ಕಲ್ಲು ಹೊರ್ತೀವಿ."

ನನಗೆ ಅನುಮಾನವೇ ಇರಲಿಲ್ಲ ಅಂದರೆ ಸುಳ್ಳು. ಆ ದಿನಗಳಲ್ಲಿ ನಮ್ಮತ್ತೆ ಉಪ್ಪಿನಕಾಯಿ ಜಾಡಿಯ ಹತ್ತಿರ ಬಿಟ್ಟವಳಲ್ಲ, ನಾನು ಹೋದವಳೂ ಅಲ್ಲ. ಹೋಗದೆ ಇದ್ದ ಮೇಲೆ ನಿಜವೋ ಸುಳ್ಳೋ ತಿಳಿಯುವುದು ಹೇಗೆ? ಅವತ್ತು ಗೌರಿಯ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಬಿರಡೆ ಅವಳ ಕೈಯಲ್ಲೇ ತೆಗೆಸಿದೆ, ಇಳಿದಷ್ಟು ವೈನು ಅವಳ ಕೈಯಲ್ಲೇ ಹುಯ್ಯಿಸಿದೆ. ಅಲ್ಲಿಂದ ಮುಂದೆ ನಮ್ಮ ಸರದಿ ಅದೇ ಆಯಿತು. ಯಾರು ಹೊರಗಾದರೋ ಅವಳು ಆ ವಾರ ಒಳಗೆ. ಮಿಕ್ಕವರು ಅಂಗಳದ ಕೆಲಸಕ್ಕೆ.

ಪೀಪಾಯಿಯನ್ನು ನಾವು ನೋಡಿಕೊಂಡದ್ದು ಉಪ್ಪಿನಕಾಯಿ ಜಾಡಿಯ ಥರ. ಸುಮ್ಮಸುಮ್ಮನೆ ಬಾಯಿ ತೆಗೆಯಬಾರದು, ತೆಗೆದರೆ ತುಂಬಿಸಿ ತಕ್ಷಣ ಮುಚ್ಚಬೇಕು, ಮುಚ್ಚಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಗಂಡಸರ ಕಡೆ ಬೇರೆ ಪದ್ಧತಿ. ಶುಕ್ರವಾರ ಶುಕ್ರವಾರ ನಾರಾಯಣಪ್ಪ ಸ್ನಾನ ಮಾಡಿ ಬಂದು, ತನ್ನ ಪೀಪಾಯಿಗಳ ಬಿರಡೆ ತೆಗೆದು, ಊದುಬತ್ತಿ ಹಚ್ಚಿ, ಕರ್ಪೂರ ಬೆಳಗಿ, ಒಂದೊಂದರಿಂದ ಒಂದು ಸೌಟು ಎತ್ತಿ ಗಂಡಾಳುಗಳಿಗೆಲ್ಲ ತೀರ್ಥ ಕೊಡುತ್ತಿದ್ದ. ಹೋದ ವರ್ಷವೂ ಹಾಗೇ ಮಾಡಿದ್ದ. ಬಾಗಿಲು ತೆರೆದೇ ಮಾಡುತ್ತಿದ್ದ, ಕದ್ದುಮುಚ್ಚಿ ಅಲ್ಲ. ತೀರ್ಥ ಅಂದ ಮೇಲೆ ಯಾರು ಬೇಡ ಅನ್ನುತ್ತಾರೆ? ಆ ತೋಟದಲ್ಲಿ ಶುಕ್ರವಾರ ರಜ ಹಾಕಿದ ಗಂಡಸೇ ಇಲ್ಲ.

ಅಕ್ಕಯ್ಯಮ್ಮನಿಗೆ ಹೊಟ್ಟೆಯುರಿ. "ನಮ್ ಪೀಪಾಯಿಗೂ ಪೂಜೆ ಬ್ಯಾಡ್ವಾ? ದೇವ್ರು ಮುನಿಸ್ಕೋತಾನೆ."

"ಮರದ ಮೇಲೇ ಕುಂಕುಮ ಇಡು" ಅಂದೆ. "ದೇವ್ರಿಗೆ ಬಿರಡೆ ತೆಗೆದ್ರೇನೇ ಕಾಣೋದಾ?"

ಅವಳು ಕುಂಕುಮ ಇಟ್ಟಳು. ತೀರ್ಥ ಸಿಗಲಿಲ್ಲ ಅಂತ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಮುಂಗಾರು ಹಿಡಿದ ಮೇಲೆ ಒಂದು ಬೆಳಗ್ಗೆ ಗೌರಿ ಓಡಿ ಬಂದಳು. ಆ ವಾರ ಅವಳದೇ ಸರದಿ. ನಾವು ಹೋಗಿ ನೋಡಿದರೆ ನಮ್ಮ ಪೀಪಾಯಿ ಬುಸುಗುಡುತ್ತಿದೆ, ಬಿರಡೆ ಮೇಲಕ್ಕೆದ್ದಿದೆ, ಅಂಚಿನಲ್ಲಿ ನೇರಳೆ ನೊರೆ ಇಳಿಯುತ್ತಿದೆ. ಗೌರಿ ನೆಲದ ಮೇಲೆ ಕೂತು ಅಳಲು ಶುರು ಮಾಡಿದಳು. "ನಾನ್ ಹೇಳ್ಲಿಲ್ವಾ ಅಕ್ಕಾ, ನಾನ್ ಹೇಳ್ಲಿಲ್ವಾ." ಅಕ್ಕಯ್ಯಮ್ಮ ಕೈ ಮುಗಿದುಕೊಂಡು ನಿಂತುಬಿಟ್ಟಳು. ಮಾಸ್ಟ್ರು ಬೆಂಗಳೂರಲ್ಲಿ, ಕೇಳಲು ಬೇರೆ ಯಾರೂ ಇಲ್ಲ.

ನಾರಾಯಣಪ್ಪ ಬಾಗಿಲಿಗೆ ಬಂದು ಮೂಗರಳಿಸಿದ. "ಏನೋ ವಾಸ್ನೆ ಬರ್ತದಲ್ಲ?"

"ನಿನ್ ಬೀಡೀದು. ಹೊರಗೋಗ್ ಸೇದು."

ಅವನು ಹೋದ ಮೇಲೆ ನೊರೆಯನ್ನು ಬೆರಳಲ್ಲಿ ತೆಗೆದು ನೆಕ್ಕಿದೆ. ಹುಳಿ ವಾಸನೆ ಇರಲಿಲ್ಲ. ಮೊದಲು ತೊಟ್ಟಿಯಲ್ಲಿ ಹುದುಗುವಾಗ ಇದ್ದ ವಾಸನೆಯೇ. "ಎದ್ದೇಳೇ, ಅಳೋದು ನಿಲ್ಲಿಸು" ಅಂದೆ. "ಮಿಕ್ಕಿದ್ದ ಹುದುಗು ಈಗ ಮುಗಿಸ್ಕೋತಾ ಇದೆ ಅಷ್ಟೇ." ಧೈರ್ಯವಾಗಿ ಹೇಳಿದೆ, ಒಳಗೆ ಧೈರ್ಯ ಇರಲಿಲ್ಲ. ಬಿರಡೆಯನ್ನು ಸಡಿಲ ಮಾಡಿ, ಬಟ್ಟೆ ಸುತ್ತಿ ಬಿಟ್ಟೆವು. ಕೆಲವು ದಿನಕ್ಕೆ ತಾನೇ ತಣ್ಣಗಾಯಿತು.

ತಣ್ಣಗಾದ ಮೇಲೆ ನೋಡಿದರೆ ಮಟ್ಟ ಇಳಿದುಹೋಗಿತ್ತು. ಜಾಡಿಯಲ್ಲಿ ತುಂಬಲು ಒಂದು ತೊಟ್ಟೂ ಉಳಿದಿರಲಿಲ್ಲ. ಗಂಡಸರ ಜಾಡಿ ಯಾವತ್ತೋ ತೀರ್ಥವಾಗಿತ್ತು, ಅವರನ್ನು ಕೇಳುವ ಹಾಗಿಲ್ಲ. ನೀರು ಹಾಕಿದರೆ ವೈನು ಕೆಡುತ್ತದೆ. ಬಾಯಿ ತನಕ ಇರಬೇಕು ಅಂದಿದ್ದಾರೆ, ಇಲ್ಲ. ತಲೆ ಕೆರೆದುಕೊಂಡು ಕೂತಿದ್ದಾಗ ಅಕ್ಕಯ್ಯಮ್ಮನೇ ಗೊಣಗಿದಳು, "ಉಪ್ಪಿನಕಾಯಿ ಮ್ಯಾಲೆ ಕಲ್ಲು ಹೇರಿದ್ರೆ ರಸ ಮ್ಯಾಲಕ್ ಬರ್ತದೆ. ಇದಕ್ ಎಲ್ಲಿಂದ ತರೋಣ ಕಲ್ಲ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೆರೆ ಏರಿಯ ಹಿಂದೆ ಬೆಣಚುಕಲ್ಲಿಗೆ ಬರವೇ? ಕೋಳಿಮೊಟ್ಟೆಗಿಂತ ಚಿಕ್ಕವನ್ನು, ನುಣ್ಣಗೆ ಬೆಳ್ಳಗಿದ್ದವನ್ನು ಆರಿಸಿ, ಸೆರಗಿನಲ್ಲಿ ತುಂಬಿಕೊಂಡು ಬಂದು, ಉಜ್ಜಿ ತೊಳೆದು, ಹಂಡೆಯಲ್ಲಿ ಕುದಿಸಿ, ಆರಿಸಿ, ಬಿರಡೆಯ ತೂತಿನಲ್ಲಿ ಒಂದೊಂದಾಗಿ ಬಿಟ್ಟೆವು. ಬುಳಕ್, ಬುಳಕ್. ವೈನು ಮೇಲೆ ಮೇಲೆ ಬಂತು. ಬಾಯಿಗೆ ಬಂದು ನಿಂತಾಗ ಗೌರಿ ಮೊದಲ ಸಲ ನಕ್ಕಳು. ಆಮೇಲೆ ಮಟ್ಟ ಇಳಿದಾಗೆಲ್ಲ ಒಂದೆರಡು ಕಲ್ಲು.

ದೀಪಾವಳಿ ಬಂತು. ಧಣಿ ಬಂದರು, ಅಂತೋಣಿ ಮಾಸ್ಟ್ರು ಬಂದರು. ತೋಟದ ಆಳುಗಳೆಲ್ಲ ಬಾಗಿಲಲ್ಲಿ ತುಂಬಿಕೊಂಡರು. ಮೊದಲು ನಾರಾಯಣಪ್ಪನ ಪೀಪಾಯಿ. ಮಾಸ್ಟ್ರು ಲೋಟ ಮೂಗಿನ ಹತ್ತಿರ ತಂದರು, ಮುಖ ಕಿವುಚಿದರು, ಬಾಯಿಗೂ ಹಾಕದೆ ಚೆಲ್ಲಿದರು. ಎರಡನೆಯದು ಬಾಯಿಗೆ ಹಾಕಿ ಉಗಿದರು. ಮೂರನೆಯದೂ ಅದೇ. ಬಿದಿರುಕಡ್ಡಿ ಇಳಿಸಿ ಅಳತೆ ನೋಡಿದರು. ಒಂದೊಂದರಲ್ಲೂ ಗೇಣಿಗಿಂತ ಹೆಚ್ಚು ಖಾಲಿ.

"ಇಷ್ಟು ಎಲ್ಲೋಯ್ತು ಮೇಸ್ತ್ರಿ?"

"ಪೂಜೆ ಮಾಡಿದ್ವಿ ಸ್ವಾಮಿ. ತೀರ್ಥ..."

"ಪ್ರತಿ ವಾರ ಬಾಯಿ ತೆಗೆದ್ಯಾ? ಹೋದ ವರ್ಷಾನೂ?" ಮಾಸ್ಟ್ರು ಕಡ್ಡಿಯನ್ನು ನೆಲಕ್ಕೆ ಎಸೆದರು. "ನಾನು ಹುಡುಕ್ತಿದ್ದ ಗಾಳಿ ಇದೇ ನೋಡಿ ಸಾರ್."

ಧಣಿ ನಾರಾಯಣಪ್ಪನನ್ನೇ ನೋಡಿದರು. "ನಿಮ್ ದೇವ್ರಿಗೆ ದಾಹ ಜಾಸ್ತಿ ಕಣಯ್ಯ" ಅಂದರು.

ಆಮೇಲೆ ನಮ್ಮದು. ಗೌರಿ ಬಿರಡೆ ತೆಗೆದಳು. ವೈನು ಬಾಯಿ ತನಕ ತುಂಬಿ ಹೊಳೆಯುತ್ತಿತ್ತು. ಮಾಸ್ಟ್ರು ಬೇರೆ ಕಡ್ಡಿ ಬಿಟ್ಟರೆ ತಳ ಮುಟ್ಟುವ ಮೊದಲೇ ಟಕ್ ಅಂತು. ನಾನು ಕಲ್ಲಿನ ವಿಷಯ ಹೇಳಿದೆ. ಅವರು ಲೋಟಕ್ಕೆ ಒಂಚೂರು ಹುಯ್ದುಕೊಂಡು, ಬಾಗಿಲ ಬೆಳಕಿಗೆ ಹಿಡಿದರು. ನಮ್ಮ ಹಣ್ಣಿನ ಬಣ್ಣ ಬೆಳಕಲ್ಲಿ ಅಷ್ಟು ಕೆಂಪಾಗಿ ಕಾಣುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಮೂಸಿದರು. ಬಾಯಿಗೆ ಹಾಕಿಕೊಂಡರು. ಮುಕ್ಕಳಿಸಿದರು. ನಾವೆಲ್ಲ ಅವರು ಉಗಿಯುವ ಬಕೀಟಿನ ಕಡೆಗೆ ನೋಡುತ್ತಿದ್ದೆವು.

ಅವರ ಗಂಟಲು ಆಡಿತು. ನುಂಗಿದರು.

ನಾರಾಯಣಪ್ಪ ಸುಮ್ಮನಿರಲಾರದೆ ಹೇಳಿದ, "ಈ ವರ್ಷ ಹೊರಗಾದೋರು ಯಾರೂ ಹತ್ರ ಬಂದಿರಕ್ಕಿಲ್ಲ ಬುಡಿ. ಅಕ್ಕಯ್ಯಮ್ಮ ಒಬ್ಳೇ ನೋಡ್ಕೊಂಡಿರ್ತಾಳೆ."

ನಾನು ಬಾಯಿ ತೆರೆಯುವುದರೊಳಗೆ ಗೌರಿ ಮುಂದೆ ಬಂದಳು. ಜೋರಾಗಿ ಕೆಮ್ಮಲೂ ಹೆದರುವ ಗೌರಿ. ಧಣಿ ಇದ್ದಾರೆ, ಗಂಡಾಳುಗಳೆಲ್ಲ ಇದ್ದಾರೆ, ಅವಳ ಗಂಡನೂ ಬಾಗಿಲಲ್ಲಿದ್ದಾನೆ.

"ವರ್ಷಪೂರ್ತಿ ಹೊರಗಾದೋರೇ ನೋಡ್ಕೊಂಡಿದ್ದು ಮೇಸ್ತ್ರಿ" ಅಂದಳು. "ಇವತ್ತೂ ನಾನು ಹೊರಗಾಗಿದ್ದೀನಿ. ಈಗ ಬಿರಡೆ ತೆಗೆದಿದ್ದು ನಾನೇ."

ನಾರಾಯಣಪ್ಪ ಟವಲು ಕೊಡವಿ ಹೆಗಲ ಮೇಲೆ ಹಾಕಿಕೊಂಡ, ಮತ್ತೆ ತೆಗೆದ, ಮತ್ತೆ ಹಾಕಿಕೊಂಡ. ಧಣಿ ಚಾವಣಿ ನೋಡಿದರು. ಅಂತೋಣಿ ಮಾಸ್ಟ್ರು ಖಾಲಿ ಲೋಟವನ್ನು ಗೌರಿಯ ಮುಂದೆ ಹಿಡಿದರು.

"ಇನ್ನೊಂದು ಸಲ ಹಾಕಮ್ಮಾ. ಲೋಟದ ತುಂಬಾ ಹಾಕು."

ಆ ಪೀಪಾಯಿ ಬಾಟಲಿಗೆ ಇಳಿದು, ಲೇಬಲ್ಲು ಅಂಟಿಸಿಕೊಂಡು ಕಂಟೋನ್ಮೆಂಟಿಗೆ ಹೋಯಿತು. ಕ್ರಿಸ್‌ಮಸ್ಸಿಗೆ ಕ್ಲಬ್ಬಿನವರು ಇನ್ನೂ ಇದೆಯಾ ಅಂತ ಕೇಳಿ ಆಳು ಕಳಿಸಿದರು. ಇರಲಿಲ್ಲ. ಮುಂದಿನ ಸುಗ್ಗಿಯಿಂದ ಎಲ್ಲ ಪೀಪಾಯಿಗಳೂ ನಮ್ಮವೇ, ಶೆಡ್ಡಿನ ಬೀಗದಕೈ ನನ್ನ ಸೊಂಟದಲ್ಲಿ. ನಾರಾಯಣಪ್ಪನನ್ನು ಯಾರೂ ಕಳಿಸಲಿಲ್ಲ. ಲಾರಿಗೆ ಹೇರುವ ಕೆಲಸ ಅವನಿಗಿಂತ ಚೆನ್ನಾಗಿ ಮಾಡುವವರಿರಲಿಲ್ಲ. ಶುಕ್ರವಾರ ಹೊರಗಿನಿಂದ ಕರ್ಪೂರ ಬೆಳಗಿ ಹೋಗುತ್ತಿದ್ದ. ಅವನ ಪೀಪಾಯಿಗಳ ವಿನಿಗರ್ ಒಂದು ಚೊಂಬು ಬೇಕು, ಹೆಂಡತಿ ಉಪ್ಪಿನಕಾಯಿಗೆ ಕೇಳುತ್ತಾಳೆ ಅಂತ ಬಂದ. "ತಗೊಂಡೋಗು" ಅಂದೆ, "ಗಂಡಸ್ರು ಮಾಡಿದ್ದು, ಮಡಿಯಾಗೈತೆ." ಅವನೇ ನಕ್ಕುಬಿಟ್ಟ.

ಆ ಪೀಪಾಯಿ ಖಾಲಿಯಾದ ದಿನ ಮಗುಚಿ ಕಲ್ಲುಗಳನ್ನು ಹೊರಗೆ ಸುರಿದೆವು. ಬಿಳಿ ಬೆಣಚುಕಲ್ಲುಗಳ ಮೈಯಲ್ಲಿ ಸಣ್ಣ ಸಣ್ಣ ಗೀರಿನೊಳಗೆಲ್ಲ ನೇರಳೆ ಇಳಿದಿತ್ತು, ಉಜ್ಜಿದರೂ ಹೋಗಲಿಲ್ಲ. ಒಬ್ಬೊಬ್ಬರು ಒಂದೊಂದು ತೆಗೆದುಕೊಂಡೆವು. ಗೌರಿ ತನ್ನದನ್ನು ದೇವರ ಗೂಡಿನಲ್ಲಿ ಇಟ್ಟಳು.

ನನ್ನ ಕಲ್ಲು ಉಪ್ಪಿನಕಾಯಿ ಜಾಡಿಯೊಳಗಿದೆ, ಹೋಳು ಮೇಲೇಳದಂತೆ ಭಾರಕ್ಕೆ. ಈ ಮನೆಯಲ್ಲಿ ಸೊಸೆಯಾಗಲಿ ಮೊಮ್ಮಗಳಾಗಲಿ ಯಾವ ದಿನ ಬೇಕಾದರೂ ಆ ಕಲ್ಲೆತ್ತಿ ಉಪ್ಪಿನಕಾಯಿ ತೆಗೆಯುತ್ತಾರೆ. ಬೂಸಲು ಬಂದರೆ ನಾನು ಕೇಳುವುದು ಒಂದೇ, ಕೊನೆಗೆ ತೆಗೆದವರು ಮುಚ್ಚಳ ಸರಿಯಾಗಿ ಹಾಕಿದರಾ ಅಂತ.